ಓದು ಎಲ್ಲಿಗೆ ಬಂತು? ಓದಿನ ಪ್ರಗತಿಯನ್ನು ತಿಳಿಸುವ ಕನ್ನಡ ವಾಕ್ಯಗಳಲ್ಲಿ ಕ್ರಿಯಾಸ್ಥಿತಿ

ವಾರಾಂತ್ಯದಲ್ಲಿ ತಾವು ಎಷ್ಟು ಓದಿದೆವು ಎಂಬುದನ್ನು ಸಹ ಓದುಗರಿಗೆ ತಿಳಿಸುವ ರೂಢಿ ಅಂತರಜಾಲದ ಮೂಲಕ ಕೂಡಿಕೊಂಡ ಪುಸ್ತಕಪ್ರಿಯರ ಬಳಗಗಳಲ್ಲಿ ಬೆಳೆದಿದೆ. ಇಂಥ ವರದಿ ಒಂದೆರಡು ವಾಕ್ಯಗಳನ್ನು ಮೀರುವುದು ಕಡಿಮೆ. ಅದರಲ್ಲಿ ವಿಮರ್ಶೆಯಿಲ್ಲ, ಕಥಾಸಾರವೂ ಇರಬೇಕಾಗಿಲ್ಲ; ಓದುಗ ಪುಸ್ತಕದ ಯಾವ ಭಾಗದಲ್ಲಿದ್ದಾನೆ ಎಂಬ ಸುದ್ದಿಯಷ್ಟೇ ಇರುತ್ತದೆ. ಆದರೂ ಕನ್ನಡದ ಕ್ರಿಯಾಪದವನ್ನು ಅಭ್ಯಸಿಸುವವರಿಗೆ ಇದು ಬಹಳ ಉಪಯುಕ್ತವಾದ ಸಾಮಗ್ರಿ. ಏಕೆಂದರೆ ಇಲ್ಲಿ ವರದಿಯಾಗುವ ಕ್ರಿಯೆ ಬಹುಪಾಲು ಮುಗಿಯದ ಕ್ರಿಯೆ. ದೀರ್ಘ ಕಾದಂಬರಿಯೊಂದನ್ನು ಶನಿವಾರ ಬೆಳಿಗ್ಗೆ ಹಿಡಿದವರು ಭಾನುವಾರ ರಾತ್ರಿ ‘ಓದಿದೆ’ ಎಂದರೆ ಏನನ್ನು ಹೇಳಿದಂತಾಯಿತು? ಕೇಳಿದವರು ಅದರ ಅಂತ್ಯದ ಬಗ್ಗೆ ಮಾತು ತೆಗೆಯಬಹುದೇ, ತೆಗೆಯಬಾರದೇ?

ಈ ಪ್ರಶ್ನೆಗೆ ಸಿದ್ಧಾಂತದ ಮಹತ್ವವೂ ಇದೆ. ಜೆನೋ ವೆಂಡ್ಲರ್ 1957ರಲ್ಲಿ ಕ್ರಿಯಾಪದಗಳನ್ನು ಸ್ಥಿತಿ, ಚಟುವಟಿಕೆ, ಸಿದ್ಧಿ, ಕ್ಷಣಘಟನೆ ಎಂಬ ನಾಲ್ಕು ಬಗೆಗಳಾಗಿ ವಿಂಗಡಿಸಿದಂದಿನಿಂದ ‘ಪುಸ್ತಕವನ್ನು ಓದು’ ಎಂಬುದು ಸಿದ್ಧಿವರ್ಗದ ಮಾದರಿ ಉದಾಹರಣೆಗಳಲ್ಲಿ ಒಂದಾಗಿ ಬಳಕೆಯಾಗುತ್ತಿದೆ. ಅದಕ್ಕೆ ಸಹಜವಾದ ಕೊನೆಯೊಂದಿದೆ. ಕೊನೆಯ ಪುಟ ಮುಗಿದಾಗ ಕ್ರಿಯೆಯೂ ಮುಗಿಯುತ್ತದೆ. ಅಂಥ ಕೊನೆಯುಳ್ಳ ಕ್ರಿಯೆಯನ್ನು ಈ ಲೇಖನದಲ್ಲಿ ಸಾವಧಿಕವೆಂದೂ, ಕೊನೆಯಿಲ್ಲದ್ದನ್ನು ನಿರವಧಿಕವೆಂದೂ ಕರೆದಿದೆ. ಆಸ್ಪೆಕ್ಟ್ ಎಂಬ ಪಾರಿಭಾಷಿಕಕ್ಕೆ ಕ್ರಿಯಾಸ್ಥಿತಿ ಎಂಬ ಪದವನ್ನು ಬಳಸಿದೆ. ಕನ್ನಡದಲ್ಲಿ ಈ ಭೇದಗಳನ್ನು ಪರೀಕ್ಷಿಸಲು ಹೊರಟ ಸಂಶೋಧನ ವಿದ್ಯಾರ್ಥಿಗಳು ಅನೇಕ ವೇಳೆ ಇಂಗ್ಲಿಷಿನ ಪರೀಕ್ಷಾವಾಕ್ಯಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ಮಾಹಿತಿದಾರರ ಮುಂದಿಡುತ್ತಾರೆ. ಅದರಿಂದ ಬರುವ ಫಲಿತಾಂಶ ಏಕೆ ಗೊಂದಲದ್ದಾಗುತ್ತದೆ ಎಂಬುದನ್ನು ಓದಿನ ವರದಿಗಳು ಚೆನ್ನಾಗಿ ತೋರಿಸುತ್ತವೆ.

ಮುಂದಿನ ಉದಾಹರಣೆಗಳೆಲ್ಲ ಇಂಥ ವರದಿಗಳ ಮಾದರಿಯಲ್ಲಿ ರಚಿಸಿಕೊಂಡವು. ಯಾರೊಬ್ಬರ ಬರಹದಿಂದಲೂ ಎತ್ತಿದವಲ್ಲ. ಸ್ವೀಕಾರ್ಯತೆಯ ತೀರ್ಪುಗಳು ದಕ್ಷಿಣ ಕರ್ನಾಟಕದ ಶಿಷ್ಟ ಕನ್ನಡವನ್ನು ಆಡುವ ಈ ಲೇಖಕನವು. ‘#’ ಗುರುತು ವ್ಯಾಕರಣದಲ್ಲಿ ತಪ್ಪಿಲ್ಲದ, ಆದರೆ ಅರ್ಥದಲ್ಲಿ ವಿರೋಧವುಳ್ಳ ವಾಕ್ಯವನ್ನು ಸೂಚಿಸುತ್ತದೆ.

ಭೂತಕಾಲವೂ ಮುಕ್ತಾಯವೂ

ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಎರಡು ದಿನಗಳಲ್ಲಿ ಸುಲಭವಾಗಿ ಮುಗಿಯುವ ಕೃತಿಯಲ್ಲ. ಆದ್ದರಿಂದ ನಮ್ಮ ಉದ್ದೇಶಕ್ಕೆ ಅನುಕೂಲ.

(1) ಶನಿವಾರ ಪರ್ವ ಓದಿದೆ, ಮುಗಿಯಲಿಲ್ಲ.
(2) ಶನಿವಾರ ಪರ್ವವನ್ನು ಓದಿದೆ, ಮುಗಿಯಲಿಲ್ಲ.
(3) # ಶನಿವಾರ ಪರ್ವವನ್ನು ಓದಿ ಮುಗಿಸಿದೆ, ಮುಗಿಯಲಿಲ್ಲ.

ಮೊದಲನೆಯದರಲ್ಲಿ ಯಾವ ತೊಡಕೂ ಇಲ್ಲ. ಎರಡನೆಯದು ಒಂದು ಕ್ಷಣ ತಡೆದರೂ ಸಲ್ಲುತ್ತದೆ. ಮೂರನೆಯದು ಸ್ಪಷ್ಟ ವಿರೋಧ. ಎಂದರೆ ಕನ್ನಡದ ಸರಳ ಭೂತಕಾಲ ಕ್ರಿಯೆ ನಡೆದದ್ದನ್ನು ಹೇಳುತ್ತದೆಯೇ ಹೊರತು ಅದು ತನ್ನ ಕೊನೆಯನ್ನು ಮುಟ್ಟಿತೆಂಬ ಹೊಣೆಯನ್ನು ಹೊರುವುದಿಲ್ಲ. ಡಿ. ಎನ್. ಶಂಕರ ಭಟ್ಟರು 1999ರ ತಮ್ಮ ತೌಲನಿಕ ಅಧ್ಯಯನದಲ್ಲಿ ಕನ್ನಡವನ್ನು ಕಾಲಪ್ರಧಾನ ಭಾಷೆಯೆಂದು ವಿವರಿಸಿದ್ದರು. ಭೂತ ಮತ್ತು ಭೂತೇತರಗಳ ಭೇದ ಅದರ ಕ್ರಿಯಾರೂಪಗಳ ಬೆನ್ನೆಲುಬು. ಪೂರ್ಣ, ಅಪೂರ್ಣಗಳ ಭೇದಕ್ಕೆ ಬೇರೆ ಸಾಧನಗಳು ಬೇಕಾಗುತ್ತವೆ. (1) ಮತ್ತು (2) ಈ ನಿಲುವಿಗೆ ಒದಗುವ ಸಾಕ್ಷ್ಯ. ಕನ್ನಡ ಇದರಲ್ಲಿ ಒಂಟಿಯೂ ಅಲ್ಲ. ಹಿಂದಿಯ ಬಗ್ಗೆ ಮೋನಾ ಸಿಂಗ್, ತಮಿಳಿನ ಬಗ್ಗೆ ಎರಿಕ್ ಪೆಡರ್ಸನ್ ಇದಕ್ಕೆ ಹತ್ತಿರದ ವಿದ್ಯಮಾನಗಳನ್ನು ಚರ್ಚಿಸಿದ್ದಾರೆ.

ಆದರೆ (1)ಕ್ಕೂ (2)ಕ್ಕೂ ನಡುವಿನ ಆ ಒಂದು ಕ್ಷಣದ ತಡೆ ಎಲ್ಲಿಂದ ಬಂತು? ಅಪ್ರಾಣಿವಾಚಕ ಕರ್ಮದ ಮೇಲೆ ದ್ವಿತೀಯಾ ಪ್ರತ್ಯಯ ಕನ್ನಡದಲ್ಲಿ ಐಚ್ಛಿಕ. ಈ ಐಚ್ಛಿಕತೆಗೂ ಕರ್ಮದ ನಿರ್ದಿಷ್ಟತೆಗೂ ಇರುವ ಸಂಬಂಧವನ್ನು ಜೆಫ್ರಿ ಲಿಡ್ಜ್ 2006ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯ ಲೇಖನವೊಂದರಲ್ಲಿ ಪರಿಶೀಲಿಸಿದ್ದರು. ‘ಪುಸ್ತಕ ಓದಿದೆ’ ಎಂಬಲ್ಲಿ ಯಾವುದೋ ಪುಸ್ತಕ, ಅಥವಾ ಬರಿಯ ಪುಸ್ತಕದೋದು. ‘ಪುಸ್ತಕವನ್ನು ಓದಿದೆ’ ಎಂಬಲ್ಲಿ ಗೊತ್ತಿರುವ ಒಂದು ಪುಸ್ತಕ. ಇಷ್ಟು ಸರಿ. ಆದರೆ ‘ಪರ್ವ’ ಎಂಬುದು ಅಂಕಿತನಾಮ. ಪ್ರತ್ಯಯವಿಲ್ಲದಿದ್ದರೂ ಅದು ನಿರ್ದಿಷ್ಟವೇ. ಹಾಗಿದ್ದೂ ‘ಪರ್ವ ಓದಿದೆ’ ಸಹಜವಾಗಿದೆ. ಕೃತಿಗಳ ಹೆಸರಿನೊಂದಿಗೆ ದ್ವಿತೀಯೆ ಸೇರಿದಾಗ ಹೆಚ್ಚುವುದು ನಿರ್ದಿಷ್ಟತೆಯಲ್ಲ, ಕೃತಿಯನ್ನು ಒಂದು ಇಡಿಯಾಗಿ ಕಾಣುವ ದೃಷ್ಟಿ ಎಂದು ಈ ಲೇಖಕನಿಗೆ ತೋರುತ್ತದೆ. ಈ ದೃಷ್ಟಿ ಮುಕ್ತಾಯವನ್ನು ಸೂಚಿಸಬಲ್ಲುದು, ವಿಧಿಸಲಾರದು.

ಇಲ್ಲಿಯೇ ಒಂದು ಪಕ್ಕದ ಮಾತು. ಓದುಗರು ಕೃತಿಯ ಬದಲು ಲೇಖಕರ ಹೆಸರನ್ನು ಹೇಳುವುದುಂಟು: ‘ಈ ವಾರ ಕಾರಂತರನ್ನು ಓದುತ್ತಿದ್ದೇನೆ.’ ಓದುತ್ತಿರುವುದು ‘ಚೋಮನ ದುಡಿ’ಯನ್ನೋ ‘ಮರಳಿ ಮಣ್ಣಿಗೆ’ಯನ್ನೋ, ಅಂದರೆ ಅಪ್ರಾಣಿಯನ್ನೇ. ಆದರೂ ‘ಕಾರಂತರು ಓದುತ್ತಿದ್ದೇನೆ’ ಎನ್ನಲು ಬರುವುದಿಲ್ಲ. ದ್ವಿತೀಯೆ ಇಲ್ಲಿ ಕಡ್ಡಾಯ. ವಿಭಕ್ತಿ ಪದದ ಮೂಲವರ್ಗವನ್ನು ನೋಡುತ್ತದೆ, ಲಕ್ಷಣೆಯಿಂದ ಬಂದ ಅರ್ಥವನ್ನಲ್ಲ. ಆದರೆ ಅವಧಿಯ ವಿಷಯದಲ್ಲಿ ಲಕ್ಷಣಾರ್ಥವೇ ಗೆಲ್ಲುತ್ತದೆ: ‘ಕಾರಂತರನ್ನು ಓದಿದೆ’ ನಿರವಧಿಕ, ‘ಕಾರಂತರನ್ನು ಓದಿ ಮುಗಿಸಿದೆ’ ಎನ್ನಬೇಕಾದರೆ ಅವರು ಬರೆದದ್ದನ್ನೆಲ್ಲ ಓದಿರಬೇಕು. ದ್ವಿತೀಯೆ ಇದ್ದಲ್ಲೆಲ್ಲ ಸಾವಧಿಕತೆ ಇದೆ ಎಂಬ ಸರಳ ಸಮೀಕರಣವನ್ನು ಈ ಒಂದು ಉದಾಹರಣೆಯೇ ಮುರಿಯುತ್ತದೆ.

ಕಾಲವಾಚಕಗಳ ಪರೀಕ್ಷೆಯನ್ನೂ ಎಚ್ಚರದಿಂದ ಬಳಸಬೇಕು. ಇಂಗ್ಲಿಷಿನಲ್ಲಿ ‘ಇನ್ ಆ್ಯನ್ ಅವರ್’, ‘ಫಾರ್ ಆ್ಯನ್ ಅವರ್’ ಎಂಬ ಜೋಡಿಯಿಂದ ಸಾವಧಿಕ, ನಿರವಧಿಕಗಳನ್ನು ಬೇರ್ಪಡಿಸುತ್ತಾರೆ. ಕನ್ನಡದಲ್ಲಿ ಮೊದಲನೆಯದಕ್ಕೆ ಸಪ್ತಮಿಯನ್ನು ಹಾಕಿ ಪರೀಕ್ಷಿಸುವುದು ವಾಡಿಕೆ. ಆದರೆ ಸಪ್ತಮಿ ಎರಡು ಕೆಲಸ ಮಾಡುತ್ತದೆ.

(4) ಈ ವಾರಾಂತ್ಯದಲ್ಲಿ ಪರ್ವ ಓದಿದೆ.
(5) ಒಂದೇ ವಾರಾಂತ್ಯದಲ್ಲಿ ಪರ್ವ ಓದಿದೆ.
(6) ವಾರಾಂತ್ಯವಿಡೀ ಪರ್ವ ಓದಿದೆ.

(4)ರಲ್ಲಿ ಸಪ್ತಮಿ ಕೇವಲ ಆಧಾರ: ಆ ಎರಡು ದಿನಗಳ ಚೌಕಟ್ಟಿನೊಳಗೆ ಎಲ್ಲೋ ಓದು ನಡೆಯಿತು. ಹತ್ತು ಪುಟ ಓದಿದವರೂ ಇದನ್ನು ಹೇಳಬಹುದು. (5)ರಲ್ಲಿ ಅದೇ ಸಪ್ತಮಿ ತೆಗೆದುಕೊಂಡ ಅವಧಿಯನ್ನು ಅಳೆಯುತ್ತದೆ, ಪುಸ್ತಕ ಮುಗಿದಿರಲೇಬೇಕು. ವ್ಯತ್ಯಾಸವನ್ನು ತಂದದ್ದು ‘ಒಂದೇ’ ಎಂಬ ಪರಿಮಾಣ, ವಿಭಕ್ತಿಯಲ್ಲ. ಆದ್ದರಿಂದ ‘ಎರಡು ದಿನದಲ್ಲಿ ಓದಿದೆ’ ಎಂಬುದು ಒಬ್ಬ ಮಾಹಿತಿದಾರನಿಗೆ ಸಮಾಪ್ತಿಯನ್ನೂ ಇನ್ನೊಬ್ಬನಿಗೆ ಬರಿಯ ಚೌಕಟ್ಟನ್ನೂ ಸೂಚಿಸಿದರೆ ಅದು ಉಪಭಾಷೆಯ ಭೇದವೆಂದು ತೀರ್ಮಾನಿಸಲು ಆತುರಪಡಬಾರದು. ಪರೀಕ್ಷೆಗೆ ‘ಎರಡು ದಿನದೊಳಗೆ’ ಎಂಬ ರೂಪ ಹೆಚ್ಚು ವಿಶ್ವಾಸಾರ್ಹ. ‘ವಾರಾಂತ್ಯಕ್ಕೆ’ ಎಂಬ ಚತುರ್ಥಿ ಮಾತ್ರ ಈ ಲೆಕ್ಕದ ಹೊರಗಿನದು. ‘ವಾರಾಂತ್ಯಕ್ಕೆ ಪರ್ವ’ ಎಂದರೆ ಅದು ವರದಿಯಲ್ಲ, ಸಂಕಲ್ಪ.

ಪುಟದ ಲೆಕ್ಕ, ಪುಟದ ನೆಲೆ

ಮುಗಿಯದ ಓದನ್ನು ನಿಖರವಾಗಿ ತಿಳಿಸಬೇಕಾದವರು ಸಹಜವಾಗಿಯೇ ಪುಟಕ್ಕೆ ಮೊರೆಹೋಗುತ್ತಾರೆ. ಮ್ಯಾನ್‌ಫ್ರೆಡ್ ಕ್ರಿಫ್ಕಾ ಮತ್ತು ಡೇವಿಡ್ ಡೌಟಿ ಅವರ ವಿವೇಚನೆಯಲ್ಲಿ ಇಂಥ ಕರ್ಮಗಳಿಗೆ ವಿಶೇಷ ಸ್ಥಾನವಿದೆ: ಕರ್ಮದ ಭಾಗಗಳು ಒಂದೊಂದಾಗಿ ತೀರುತ್ತ ಹೋದಂತೆ ಕ್ರಿಯೆಯೂ ಮುಂದುವರಿಯುತ್ತದೆ, ಕರ್ಮವೇ ಕ್ರಿಯೆಯ ಅಳತೆಗೋಲು. ಮುದ್ದೆ ಉಣ್ಣುವುದಕ್ಕೂ ಪುಸ್ತಕ ಓದುವುದಕ್ಕೂ ಒಂದು ಅಂತರವಿದೆ. ಉಂಡ ತುತ್ತನ್ನು ಮತ್ತೆ ಉಣ್ಣಲಾಗದು; ಓದಿದ ಪುಟವನ್ನು ಮತ್ತೆ ಓದಬಹುದು. ‘ಇಡೀ ಭಾನುವಾರ ಓದಿದೆ, ಒಂದೇ ಅಧ್ಯಾಯವನ್ನು ಮೂರು ಸಲ’ ಎಂಬ ವರದಿಯಲ್ಲಿ ಕ್ರಿಯೆ ಬೆಳೆದರೂ ಅಳತೆಗೋಲು ಅಲುಗಿಲ್ಲ.

ಪುಟದ ಮೂಲಕ ಪ್ರಗತಿಯನ್ನು ಹೇಳುವ ಎರಡು ವ್ಯವಸ್ಥೆಗಳು ಕನ್ನಡದಲ್ಲಿವೆ. ಒಂದು ಪರಿಮಾಣದ್ದು: ‘ನೂರು ಪುಟ’. ಇನ್ನೊಂದು ನೆಲೆಯದು: ‘ನೂರನೆಯ ಪುಟದವರೆಗೆ’, ‘ನೂರನೆಯ ಪುಟದಲ್ಲಿದ್ದೇನೆ’, ‘ಅರ್ಧಕ್ಕೆ ಬಂದಿದ್ದೇನೆ’. ನೆಲೆಯ ವ್ಯವಸ್ಥೆಯಲ್ಲಿ ಪುಸ್ತಕವೊಂದು ದಾರಿ, ಓದುಗ ಪಯಣಿಗ. ಆದ್ದರಿಂದಲೇ ‘ಓದು ಎಲ್ಲಿಗೆ ಬಂತು?’ ಎಂಬ ಪ್ರಶ್ನೆ. ‘ಎಲ್ಲಿಗೆ ಹೋಯಿತು?’ ಎಂದು ಯಾರೂ ಕೇಳುವುದಿಲ್ಲ. ಕೇಳುವವರು ಆ ದಾರಿಯಲ್ಲಿ ಮುಂದೆ ನಿಂತು ಕಾಯುತ್ತಿರುವ ಭಾವ ‘ಬರು’ ಧಾತುವಿನಲ್ಲಿದೆ.

ಪರಿಮಾಣದ ವ್ಯವಸ್ಥೆಯಲ್ಲಿ ಕ್ರಿಯಾರೂಪದ ಆಯ್ಕೆ ನಿರ್ಣಾಯಕ.

(7) ನೂರು ಪುಟ ಓದಿದೆ.
(8) ನೂರು ಪುಟ ಓದಿದ್ದೇನೆ.

ಎರಡೂ ಸಾವಧಿಕವೇ, ನೂರು ಪುಟ ಎಂಬ ಅಳತೆ ತುಂಬಿದೆ. ಆದರೆ (7)ನ್ನು ಹೇಳಿದವರು ಈ ಸಲದ ಕಂತನ್ನು ತಿಳಿಸುತ್ತಿದ್ದಾರೆ, (8)ನ್ನು ಹೇಳಿದವರು ಇಲ್ಲಿಯವರೆಗಿನ ಒಟ್ಟು ಮೊತ್ತವನ್ನು. ಕಳೆದ ವಾರ ಎಂಬತ್ತು ಪುಟ ಓದಿ ಈ ವಾರ ಇಪ್ಪತ್ತು ಸೇರಿಸಿದವರು (8)ನ್ನು ಸತ್ಯವಾಗಿ ಹೇಳಬಹುದು. ವಾರಾಂತ್ಯದ ವರದಿಯಾಗಿ (7)ನ್ನು ಹೇಳಿದರೆ ಉತ್ಪ್ರೇಕ್ಷೆಯಾಗುತ್ತದೆ. ‘ಇರು’ ಸಹಾಯಕವು ಪರಿಣಾಮವನ್ನು ಮಾತಿನ ಕ್ಷಣಕ್ಕೆ ತಂದು ನಿಲ್ಲಿಸುವುದರಿಂದ, ಕಂತುಗಳು ಯಾವಾಗ ಯಾವಾಗ ಕೂಡಿದವೆಂಬುದು ಅದಕ್ಕೆ ಮುಖ್ಯವಾಗುವುದಿಲ್ಲ.

ಬರೆಹದಲ್ಲಿ ಇಲ್ಲೊಂದು ಶ್ಲೇಷವೂ ಅಡಗಿದೆ. ‘ನಾನು ಓದಿದೆ’ ಎಂಬಲ್ಲಿ ‘ಓದಿದೆ’ ಉತ್ತಮಪುರುಷದ ಭೂತಕಾಲ. ‘ಮಗು ಓದಿದೆ’ ಎಂಬಲ್ಲಿ ಅದೇ ಅಕ್ಷರಗಳು ‘ಓದಿ’ ಮತ್ತು ‘ಇದೆ’ ಕೂಡಿದ ನಪುಂಸಕದ ಪೂರ್ಣರೂಪ. ಕರ್ತೃಪದವನ್ನು ಬಿಟ್ಟ ಚುಟುಕು ವರದಿಯಲ್ಲಿ ಮೊದಲನೆಯ ಅರ್ಥವೇ ತೋರುತ್ತದೆ. ಶಾಸ್ತ್ರಗದ್ಯದಲ್ಲಿ ಹಾಗಲ್ಲ. ಈ ಲೇಖನದ ಆರಂಭದಲ್ಲಿ ‘ಕರೆದಿದೆ’, ‘ಬಳಸಿದೆ’ ಎಂಬ ರೂಪಗಳು ಬಂದಿವೆ. ಎರಡನೆಯದು ‘ನಾನು ಬಳಸಿದೆ’ಯೋ, ಕರ್ತೃವನ್ನು ಮರೆಮಾಡಿದ ಪೂರ್ಣರೂಪವೋ ಎಂಬುದನ್ನು ಬರವಣಿಗೆಯ ರೂಪವೊಂದರಿಂದಲೇ ಹೇಳಲಾಗದು. ಪಠ್ಯಸಂಚಯಗಳನ್ನು ಯಂತ್ರದಿಂದ ವ್ಯಾಕರಣಾಂಕಿತಗೊಳಿಸುವವರು ಈ ರೂಪಗಳನ್ನು ಒಂದೇ ಖಾನೆಗೆ ಹಾಕಿದರೆ ಮೇಲೆ ಹೇಳಿದ ಕಂತು, ಮೊತ್ತಗಳ ಭೇದವೇ ಅಳಿಸಿಹೋಗುತ್ತದೆ.

‘ಬಿಡು’ ಎಂಬ ಸಹಾಯಕ

ಭೂತಕಾಲವೊಂದೇ ಮುಕ್ತಾಯದ ಹೊಣೆ ಹೊರದಿದ್ದಾಗ ಆ ಕೆಲಸಕ್ಕೆ ಭೂತನ್ಯೂನದ ಮುಂದೆ ಬರುವ ಸಹಾಯಕ ಕ್ರಿಯಾಪದಗಳು ಒದಗುತ್ತವೆ. ಹೆರಾಲ್ಡ್ ಶಿಫ್‌ಮನ್ 1983ರಲ್ಲಿ ಪ್ರಕಟಿಸಿದ ಆಡುಗನ್ನಡದ ವ್ಯಾಕರಣದಲ್ಲಿ ಇವುಗಳಿಗೆ ಸಾಕಷ್ಟು ಜಾಗ ಕೊಟ್ಟಿದ್ದಾರೆ. ಅವು ಕ್ರಿಯಾಸ್ಥಿತಿಯ ಜೊತೆಗೆ ಮಾತನಾಡುವವರ ಮನೋಭಾವವನ್ನೂ ಹೊರುತ್ತವೆ ಎಂಬುದನ್ನು ಗುರುತಿಸಿದ್ದಾರೆ. ಓದಿನ ವರದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದದ್ದು ‘ಬಿಡು’.

(9) ಪರ್ವವನ್ನು ಓದಿಬಿಟ್ಟೆ.
(10) ಪರ್ವವನ್ನು ಓದುವುದನ್ನು ಬಿಟ್ಟೆ.
(11) ಪರ್ವವನ್ನು ಅರ್ಧಕ್ಕೆ ಬಿಟ್ಟೆ.
(12) ಪರ್ವವನ್ನು ಓದದೆ ಬಿಟ್ಟೆ.

ನಾಲ್ಕರಲ್ಲಿಯೂ ಧಾತು ಒಂದೇ. ಹಾಗಿದ್ದೂ (9) ಪುಸ್ತಕ ಮುಗಿದದ್ದನ್ನು ಹೇಳಿದರೆ ಉಳಿದ ಮೂರೂ ಮುಗಿಯದ್ದನ್ನೇ ಹೇಳುತ್ತವೆ. ಇದನ್ನು ಕಂಡು ‘ಬಿಡು’ವಿಗೆ ಎರಡು ಬೇರೆ ನಿಘಂಟು ನಮೂದುಗಳು ಬೇಕೆನ್ನಬಹುದು, ಆದರೆ ಹಾಗೆ ಮಾಡಿದರೆ ವಿವರಣೆಯೇ ಕೈಬಿಟ್ಟುಹೋಗುತ್ತದೆ. ಧಾತುವಿನ ಮೂಲಾರ್ಥ ಹಿಡಿತವನ್ನು ಸಡಿಲಿಸುವುದು. (10)ರಲ್ಲಿ ಕೈಬಿಟ್ಟದ್ದು ಇನ್ನೂ ನಡೆಯಬೇಕಿದ್ದ ಕ್ರಿಯೆಯನ್ನು, (11)ರಲ್ಲಿ ಪುಸ್ತಕವನ್ನೇ. (9)ರಲ್ಲಿ ಭೂತನ್ಯೂನವು ‘ಬಿಡು’ವಿಗಿಂತ ಮೊದಲೇ ಓದು ನಡೆದಿದೆಯೆಂದು ಹೇಳುವುದರಿಂದ, ಕೈಬಿಡಲು ಉಳಿಯುವುದು ಪೂರೈಸಿದ ಕ್ರಿಯೆಯೇ. ಹಿಂತಿರುಗಿಸಲಾಗದ್ದು, ಅಂದುಕೊಂಡದ್ದಕ್ಕಿಂತ ಬೇಗ ನಡೆದದ್ದು, ಕೆಲವೊಮ್ಮೆ ಮಾಡಬಾರದ್ದನ್ನು ಮಾಡಿದ್ದು ಎಂಬ ಛಾಯೆಗಳು ಇಲ್ಲಿಂದಲೇ ಹುಟ್ಟುತ್ತವೆ. ‘ಅಯ್ಯೋ, ಕೊನೆಯ ಪುಟ ಮೊದಲೇ ಓದಿಬಿಟ್ಟೆ’ ಎನ್ನುವಾಗ ಮೂರೂ ಛಾಯೆಗಳು ಒಟ್ಟಿಗೆ ಇವೆ.

‘ಬಿಡು’ ಮುಗಿಸುವುದು ಪುಸ್ತಕವನ್ನಲ್ಲ, ವಾಕ್ಯದಲ್ಲಿ ಹೇಳಿರುವ ಕರ್ಮವನ್ನು. ‘ಇಪ್ಪತ್ತು ಪುಟ ಓದಿಬಿಟ್ಟೆ’ ಎಂದವರು ಇಪ್ಪತ್ತು ಪುಟಗಳ ಮಟ್ಟಿಗೆ ಮಾತ್ರ ಹೊಣೆ. ಇನ್ನೂ ಒಂದು ಲಕ್ಷಣ: ಅದು ನಿಷೇಧವನ್ನು ಸಹಿಸುವುದಿಲ್ಲ. ‘ಓದಿಬಿಡಲಿಲ್ಲ’ ಎಂಬ ರೂಪ ಇನ್ನೊಬ್ಬರ ಮಾತನ್ನು ಅಲ್ಲಗಳೆಯುವ ಸಂದರ್ಭವನ್ನು ಬಿಟ್ಟರೆ ಅಸಹಜ. ‘ಓದಿ ಮುಗಿಸಲಿಲ್ಲ’ ಎಂಬುದಕ್ಕೆ ಈ ನಿರ್ಬಂಧವಿಲ್ಲ. ಇಬ್ಬರದೂ ಒಂದೇ ಕೆಲಸವೆಂದು ತೋರಿದರೂ ‘ಮುಗಿಸು’ ಸ್ವತಂತ್ರಾರ್ಥವನ್ನು ಉಳಿಸಿಕೊಂಡ ಕ್ರಿಯಾಪದ, ‘ಬಿಡು’ ವ್ಯಾಕರಣದ ಘಟಕವಾಗಿ ಮಾಗಿದ್ದು.

ಉಳಿದ ಸಹಾಯಕಗಳನ್ನು ಬೇಗ ನೋಡಿ ಮುಂದೆ ಹೋಗಬಹುದು. ‘ಓದಿಹಾಕಿದೆ’ಯಲ್ಲಿ ಮುಕ್ತಾಯದೊಂದಿಗೆ ಹೊರೆ ಇಳಿಸಿದ ಧಾಟಿಯಿದೆ. ಚರ್ಚೆಗೆಂದು ಮೊದಲೇ ‘ಓದಿಟ್ಟುಕೊಂಡೆ’ ಎಂಬುದು ಮುಂದಿನ ಉಪಯೋಗವನ್ನು ನೋಡುತ್ತದೆ. ‘ಓದಿ ನೋಡಿದೆ, ಹಿಡಿಸಲಿಲ್ಲ’ ಎಂಬಲ್ಲಿ ಹತ್ತು ಪುಟವೂ ಸಾಕು. ‘ನೋಡು’ ಸೇರಿದ ಕೂಡಲೇ ಕ್ರಿಯೆಯ ಗುರಿ ಪುಸ್ತಕದ ಕೊನೆಯಿಂದ ಓದುಗನ ತೀರ್ಮಾನಕ್ಕೆ ಸರಿಯುತ್ತದೆ. ‘ಓದಿ ಆಯಿತು’ ಎಂಬುದರಲ್ಲಿ ಕರ್ತೃವೇ ಹಿಂದೆ ಸರಿದು ಕೆಲಸವೊಂದು ತೀರಿದ ಸಮಾಧಾನ ಮಾತ್ರ ಉಳಿಯುತ್ತದೆ.

ಓದಲಿಲ್ಲ ಮತ್ತು ಓದಿಲ್ಲ

ಎಲ್ಲ ವಾರಾಂತ್ಯಗಳೂ ಓದಿಗೆ ಒದಗುವುದಿಲ್ಲ. ಆಗ ಬೇಕಾಗುವ ನಿಷೇಧರೂಪಗಳು ಎರಡು. ‘ಓದಲಿಲ್ಲ’ ಭೂತಕಾಲದ ನಿಷೇಧ; ‘ಓದಿಲ್ಲ’ ಪೂರ್ಣರೂಪದ ನಿಷೇಧ. ಎರಡರಲ್ಲಿಯೂ ಪುರುಷ, ಲಿಂಗ, ವಚನಗಳ ಗುರುತಿಲ್ಲ.

ಶನಿವಾರ ಸಂಜೆ ‘ಇನ್ನೂ ಏನೂ ಓದಿಲ್ಲ’ ಎನ್ನುತ್ತೇವೆ. ಅವಕಾಶದ ಬಾಗಿಲು ತೆರೆದೇ ಇದೆ. ಭಾನುವಾರ ರಾತ್ರಿ ‘ಈ ವಾರ ಏನೂ ಓದಲಿಲ್ಲ’ ಎನ್ನುತ್ತೇವೆ, ಬಾಗಿಲು ಮುಚ್ಚಿದೆ. ಆಡುಮಾತಿನಲ್ಲಿ ‘ಬಸ್ಸು ಇನ್ನೂ ಬರಲಿಲ್ಲ’ ಎಂಬಂಥ ಪ್ರಯೋಗಗಳಿವೆಯಲ್ಲ ಎಂದು ಆಕ್ಷೇಪಿಸಬಹುದು. ಅಲ್ಲಿ ಬರಬೇಕಾದ ಹೊತ್ತು ಆಗಲೇ ಮೀರಿದೆ ಎಂಬ ಭಾವವಿದೆ; ಮುಚ್ಚಿದ ಬಾಗಿಲು ಬಸ್ಸಿನದಲ್ಲ, ನಮ್ಮ ನಿರೀಕ್ಷೆಯದು.

ಈ ಎರಡು ನಿಷೇಧಗಳು ಮೊದಲ ಭಾಗದ ಪ್ರಶ್ನೆಗೆ ಅನಿರೀಕ್ಷಿತವಾದ ಬೆಳಕು ಕೊಡುತ್ತವೆ. ‘ಪರ್ವ’ದ ಅರ್ಧವನ್ನು ಈ ವಾರಾಂತ್ಯದಲ್ಲಿ ಓದಿದವರೊಬ್ಬರನ್ನು ಕಲ್ಪಿಸಿಕೊಳ್ಳೋಣ.

(13) # ಈ ವಾರಾಂತ್ಯ ಪರ್ವ ಓದಲಿಲ್ಲ.
(14) ನಾನು ಪರ್ವ ಓದಿಲ್ಲ.

ಅವರು (13)ನ್ನು ಹೇಳಿದರೆ ಸುಳ್ಳಾಗುತ್ತದೆ. ಭೂತಕಾಲವು ಅರ್ಧ ಓದಿಗೂ ಸಲ್ಲುತ್ತದೆಯಾದರೆ ಅದರ ನಿಷೇಧ ಏನನ್ನೂ ಓದದವರಿಗೆ ಮಾತ್ರ ಸಲ್ಲಬೇಕು, ಹಾಗೆಯೇ ಆಗಿದೆ. ಆದರೆ (14)ನ್ನು ಅದೇ ವ್ಯಕ್ತಿ ಸಂಕೋಚವಿಲ್ಲದೆ ಹೇಳಬಹುದು. ‘ಪರ್ವ ಓದಿದ್ದೀರಾ?’ ಎಂಬ ಪ್ರಶ್ನೆಗೆ ಅರ್ಧ ಓದಿದವರು ‘ಹೌದು’ ಎನ್ನಲು ಹಿಂಜರಿಯುವುದೂ, ‘ಪೂರ್ತಿ ಓದಿಲ್ಲ’ ಎಂದು ತಿದ್ದಿ ಹೇಳುವುದೂ ಇದಕ್ಕೆ ಹೊಂದುತ್ತದೆ. ಪೂರ್ಣರೂಪವು ಘಟನೆಯನ್ನು ವರ್ಣಿಸುವುದಿಲ್ಲ, ಘಟನೆಯಿಂದ ಕರ್ತೃವಿಗೆ ಬಂದ ಸ್ಥಿತಿಯನ್ನು ವರ್ಣಿಸುತ್ತದೆ. ಒಂದು ಕೃತಿಯನ್ನು ಓದಿದವರೆಂಬ ಸ್ಥಿತಿ ಅರ್ಧದಿಂದ ಬರುವುದಿಲ್ಲ. ಆದ್ದರಿಂದ ‘ಕನ್ನಡದಲ್ಲಿ ಸಿದ್ಧಿಕ್ರಿಯೆಗಳು ಮುಕ್ತಾಯವನ್ನು ಸೂಚಿಸುವುದಿಲ್ಲ’ ಎಂದು ಸಾರಾಸಗಟಾಗಿ ಬರೆಯುವುದು ಸರಿಯಲ್ಲ. ಸರಳ ಭೂತಕಾಲದಲ್ಲಿ ಸೂಚಿಸುವುದಿಲ್ಲ. ‘ಇರು’ ಸೇರಿದ ರೂಪದಲ್ಲಿ, ಕರ್ಮವು ಇಡೀ ಕೃತಿಯಾಗಿದ್ದಾಗ, ಸೂಚಿಸುತ್ತದೆ. ಪರೀಕ್ಷಾವಾಕ್ಯಗಳನ್ನು ಸಿದ್ಧಪಡಿಸುವವರು ಎರಡು ರೂಪಗಳನ್ನೂ, ಅವುಗಳ ನಿಷೇಧಗಳನ್ನೂ ಪ್ರತ್ಯೇಕವಾಗಿ ಕೇಳಬೇಕು.

‘ಮುಗಿ’ ಮತ್ತು ‘ಮುಗಿಸು’ಗಳ ನಡುವೆ ನಿಷೇಧದಲ್ಲಿ ಆಗುವ ಆಯ್ಕೆ ಇನ್ನೊಂದು ಬಗೆಯದು. ‘ಮುಗಿಸಲಿಲ್ಲ’ ಎಂದರೆ ಹೊಣೆ ಓದುಗನದು. ‘ಮುಗಿಯಲಿಲ್ಲ’ ಎಂದರೆ ಪುಸ್ತಕವೇ ಮುಗಿಯದೆ ಉಳಿಯಿತು. ಸಭ್ಯವಾದ ಈ ನುಣುಚಿಕೆಗೆ ಕನ್ನಡ ಒಂದು ಅಕರ್ಮಕ ಧಾತುವನ್ನು ಸಿದ್ಧವಾಗಿಟ್ಟಿದೆ.

ಪುಸ್ತಕವೇ ಕರ್ತೃವಾದಾಗ

ಪುಸ್ತಕಕ್ಕೆ ಹೊಣೆ ವಹಿಸುವ ಈ ಪ್ರವೃತ್ತಿಯ ಪೂರ್ಣ ವಿಕಾಸವನ್ನು ಕಾಣಬೇಕಾದರೆ ‘ಓದಿಸಿಕೊಂಡು ಹೋಗುತ್ತದೆ’ ಎಂಬ ಪ್ರಯೋಗವನ್ನು ನೋಡಬೇಕು. ಪುಸ್ತಕವಿಮರ್ಶೆಗಳಲ್ಲಿ ಬಳಸಿ ಸವೆದ ಮಾತಾದರೂ ಅದರ ರಚನೆ ಸವೆದದ್ದಲ್ಲ. ‘ಓದು’ ಧಾತುವಿಗೆ ಪ್ರೇರಣೆಯ ‘ಇಸು’ ಸೇರಿದಾಗ ಪುಸ್ತಕವು ಓದಿಸುವ ಕರ್ತೃವಾಗುತ್ತದೆ. ಓದುವವನು ಪ್ರೇರಿತ, ಆದರೆ ವಾಕ್ಯದಲ್ಲಿ ಅವನಿಗೆ ಸ್ಥಾನವಿಲ್ಲ. ‘ಕೊಳ್ಳು’ ಆ ಓದಿನ ಫಲವನ್ನು ಕರ್ತೃವಿಗೇ, ಅಂದರೆ ಪುಸ್ತಕಕ್ಕೇ, ಹಿಂತಿರುಗಿಸುತ್ತದೆ: ಪುಸ್ತಕ ತನ್ನನ್ನು ತಾನೇ ಓದಿಸಿಕೊಳ್ಳುತ್ತದೆ. ‘ಹೋಗು’ ಅದಕ್ಕೆ ನಿರಂತರತೆಯನ್ನು ಕೊಡುತ್ತದೆ. ಓದುಗನ ಪಯಣಕ್ಕೆ ‘ಬರು’ ಬಳಸಿದ ಭಾಷೆ ಪುಸ್ತಕದ ಪಯಣಕ್ಕೆ ‘ಹೋಗು’ ಬಳಸುವುದು ಆಕಸ್ಮಿಕವಲ್ಲ. ಪುಸ್ತಕ ಮುಂದೆ ಮುಂದೆ ಸಾಗುತ್ತದೆ, ಓದುಗ ಹಿಂದೆ.

ಇಂಗ್ಲಿಷಿನಲ್ಲಿ ಕರ್ಮವೇ ಕರ್ತೃಸ್ಥಾನಕ್ಕೆ ಬರುವ ‘ದಿಸ್ ಬುಕ್ ರೀಡ್ಸ್ ವೆಲ್’ ಎಂಬ ಮಧ್ಯಮಪ್ರಯೋಗದೊಡನೆ ಇದನ್ನು ಹೋಲಿಸುವವರು ಒಂದು ಭೇದವನ್ನು ಗಮನಿಸಬೇಕು. ಇಂಗ್ಲಿಷಿನ ರಚನೆ ಪುಸ್ತಕದ ಸ್ಥಿರಗುಣವನ್ನು ಹೇಳುತ್ತದೆ. ನಿರ್ದಿಷ್ಟ ದಿನದ ಘಟನೆಗೆ ಅದು ಸುಲಭವಾಗಿ ಒಗ್ಗುವುದಿಲ್ಲ. ಕನ್ನಡದ್ದು ಘಟನೆಗೂ ಒಗ್ಗುತ್ತದೆ, ಕ್ರಿಯಾಸ್ಥಿತಿಯ ಭೇದಗಳನ್ನೂ ಹೊರುತ್ತದೆ.

(15) ಭಾನುವಾರ ಮಧ್ಯಾಹ್ನದವರೆಗೆ ಓದಿಸಿಕೊಂಡು ಹೋಯಿತು, ಆಮೇಲೆ ಎಳೆಯತೊಡಗಿತು.
(16) ಘಾಚರ್ ಘೋಚರ್ ಒಂದೇ ರಾತ್ರಿಯಲ್ಲಿ ಓದಿಸಿಕೊಂಡುಬಿಟ್ಟಿತು.

(15) ನಿರವಧಿಕ, ಪುಸ್ತಕ ಮುಗಿದಿಲ್ಲ. ವಿವೇಕ ಶಾನಭಾಗರ ಕಿರುಕಾದಂಬರಿಯನ್ನು ಕುರಿತ (16) ಸಾವಧಿಕ. ಅಲ್ಲಿ ‘ಹೋಗು’ವಿನ ಜಾಗದಲ್ಲಿ ‘ಬಿಡು’ ಬಂದಿದೆ. ಕರ್ತೃ ಬದಲಾದರೂ ‘ಬಿಡು’ ತನ್ನ ಕೆಲಸವನ್ನು ಬದಲಿಸಿಲ್ಲ. ಆದರೆ ನಿಷೇಧಕ್ಕೆ ಬಂದಾಗ ಇಲ್ಲಿಯೂ ‘ಬಿಡು’ ಹಿಂದೆ ಸರಿಯುತ್ತದೆ: ‘ಓದಿಸಿಕೊಳ್ಳಲಿಲ್ಲ’ ಎನ್ನಬಹುದು, ‘ಓದಿಸಿಕೊಂಡುಬಿಡಲಿಲ್ಲ’ ಎನ್ನಲಾಗದು. ‘ಓದಿಸಿಕೊಳ್ಳಲಿಲ್ಲ’ ಎಂದ ವರದಿಯಿಂದ ಎಷ್ಟು ಪುಟ ಓದಲಾಯಿತೆಂಬುದು ತಿಳಿಯುವುದಿಲ್ಲ. ಓದುಗ ಮುಂದಿನ ವಾರಾಂತ್ಯಕ್ಕೆ ಬೇರೆ ಪುಸ್ತಕ ಹಿಡಿಯುತ್ತಾನೆ ಎಂಬುದು ಮಾತ್ರ ತಿಳಿಯುತ್ತದೆ.